ಸಂಗಮದ ಒಪ್ಪಂದದಿಂದ ರಕ್ಕಸತಂಗಡಿಗೆ: ಪರರ ಗಡಿ ಜಗಳದಲ್ಲಿ ಪಕ್ಷ ಹಿಡಿದ ರಾಮರಾಯನ ಪ್ರಕರಣ

ಹೋದ ವರ್ಷ ರಾಯಚೂರಿನಲ್ಲಿ ಪದವಿ ವಿದ್ಯಾರ್ಥಿಗಳ ಚರ್ಚಾ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ ಕುಳಿತಿದ್ದೆ. ಬಲಿಷ್ಠ ದೇಶವೊಂದು ಬೇರೆಯವರ ಗಡಿ ಜಗಳದಲ್ಲಿ ಪಕ್ಷ ವಹಿಸಬೇಕೇ ಬೇಡವೇ ಎಂಬುದು ವಿಷಯ. ಮಕ್ಕಳು ಚೆನ್ನಾಗಿಯೇ ತಯಾರಾಗಿ ಬಂದಿದ್ದರು. ಉಕ್ರೇನ್, ತೈವಾನ್, ಗಾಜಾ ಎಲ್ಲವೂ ಬಂದವು. 2022ರ ಫೆಬ್ರವರಿಯಲ್ಲಿ ಭದ್ರತಾ ಮಂಡಳಿಯ ಮತದಾನದಿಂದ ಭಾರತ ದೂರ ಉಳಿದದ್ದು ಸರಿ ಎಂದು ಇಬ್ಬರು ಏರುದನಿಯಲ್ಲಿ ವಾದಿಸಿದರು. ಆ ಯುದ್ಧ ಶುರುವಾದ ಮೇಲೆ ಸೂರ್ಯಕಾಂತಿ ಎಣ್ಣೆಯ ದರ ಹೇಗೆ ಏರಿತು ಎಂಬುದನ್ನು ಒಬ್ಬ ಹುಡುಗ ತನ್ನ ಅವ್ವನ ಅಡುಗೆಮನೆಯ ಲೆಕ್ಕದಲ್ಲೇ ಹೇಳಿದ. ಎಲ್ಲ ಮುಗಿದ ಮೇಲೆ, ಬಹುಮಾನ ಬಾರದಿದ್ದ ಮುದಗಲ್ಲಿನ ಹುಡುಗಿಯೊಬ್ಬಳು ಹತ್ತಿರ ಬಂದು, "ಸರ್, ನಮ್ಮೂರ ಕೋಟಿ ಯಾರ್‍ಯಾರ ಜಗಳದಾಗ ಎಷ್ಟು ಸಲ ಕೈ ಬದ್ಲಿ ಆತು ಅಂತ ಒಬ್ರೂ ಹೇಳ್ಲಿಲ್ಲಲ್ರಿ?" ಎಂದಳು.

ಅವಳ ಮಾತು ನಿಜ. ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಕೀವ್ ತನಕ ಹೋಗಬೇಕಾಗಿಲ್ಲ. ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ನಮ್ಮ ಎಡೆದೊರೆ ನಾಡಿನಲ್ಲೇ ಒಂದು ಪೂರ್ತಿ ಪ್ರಕರಣ ಮಲಗಿದೆ. ಆದರೆ ನಾವು ಅದನ್ನು ತಾಳಿಕೋಟೆ ಯುದ್ಧ ಎಂಬ ಹೆಸರಿನಲ್ಲಿ ಒಂದೇ ದಿನದ ಕಥೆ ಮಾಡಿ ಕಲಿಸುತ್ತೇವೆ. 1565ರ ಜನವರಿ 23ರಂದು ಏನಾಯಿತು ಎಂದು ಎಲ್ಲರಿಗೂ ಗೊತ್ತು. ಅದರ ಹಿಂದಿನ ಇಪ್ಪತ್ತೆರಡು ವರ್ಷ ಆ ಕಾಲದ ದಖ್ಖಣದ ಅತಿ ಬಲಿಷ್ಠ ರಾಜ್ಯವಾದ ವಿಜಯನಗರ ತನ್ನದಲ್ಲದ ಜಗಳಗಳಲ್ಲಿ ಒಂದೊಂದು ಸಲ ಒಂದೊಂದು ಕಡೆ ನಿಂತದ್ದು ಯಾವ ಕಾರಣಕ್ಕೆ, ಏನು ಗಳಿಸಿತು, ಎಲ್ಲಿ ಎಡವಿತು ಎಂಬುದನ್ನು ಕೇಳುವವರು ಕಡಿಮೆ. ಆ ಹುಡುಗಿಗೆ ಕೊಡಬೇಕಾದ ಉತ್ತರವೆಂದೇ ಇದನ್ನು ಬರೆಯುತ್ತಿದ್ದೇನೆ.

ಜಗಳ ಯಾರದು, ನೆಲ ಯಾವುದು

ಜಗಳದ ಮೂಲದಲ್ಲಿದ್ದದ್ದು ಎರಡು ಕೋಟೆಗಳು: ಕಲ್ಯಾಣ ಮತ್ತು ಸೊಲ್ಲಾಪುರ. ಕಲ್ಯಾಣವೆಂದರೆ ಇಂದಿನ ಬಸವಕಲ್ಯಾಣ. ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕಲ್ಯಾಣ, 2019ರಿಂದ ನಮ್ಮ ಇಡೀ ಪ್ರದೇಶಕ್ಕೆ ಹೆಸರು ಕೊಟ್ಟ ಕಲ್ಯಾಣ. ಹದಿನಾರನೆಯ ಶತಮಾನದ ಹೊತ್ತಿಗೆ ಅದು ಬೀದರಿನ ಬರೀದಶಾಹಿ, ಬಿಜಾಪುರದ ಆದಿಲಶಾಹಿ, ಅಹಮದನಗರದ ನಿಜಾಮಶಾಹಿ ಈ ಮೂವರ ಕಣ್ಣಿನಲ್ಲೂ ಇದ್ದ ಗಡಿಕೋಟೆಯಾಗಿತ್ತು.

ಸೊಲ್ಲಾಪುರದ ಕಥೆಯನ್ನು ಕೇಳಿದರೆ ನಮ್ಮ ಊರುಗಳ ಮನೆಜಗಳವೇ ನೆನಪಾಗುತ್ತದೆ. 1524ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹ ತನ್ನ ತಂಗಿಯನ್ನು ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೆ ಕೊಟ್ಟು ಮದುವೆ ಮಾಡಿದ. ಸೊಲ್ಲಾಪುರವನ್ನು ಬಳುವಳಿಯಾಗಿ ಕೊಡುತ್ತೇವೆಂದು ಮಾತಾಗಿತ್ತು. ಕೊಡಲಿಲ್ಲ. ಗಂಡಿನ ಕಡೆಯವರು ಮರೆಯಲಿಲ್ಲ. ಮುಂದಿನ ನಲವತ್ತು ವರ್ಷ ಎರಡು ಮನೆತನಗಳು ಆ ಒಂದು ಬಳುವಳಿಗಾಗಿ ಮತ್ತೆ ಮತ್ತೆ ದಂಡು ಕಟ್ಟಿಕೊಂಡು ಹೊರಟವು.

ಇದರಲ್ಲಿ ವಿಜಯನಗರಕ್ಕೆ ಏನು ಕೆಲಸ? ಕಲ್ಯಾಣದ ಮೇಲಾಗಲಿ ಸೊಲ್ಲಾಪುರದ ಮೇಲಾಗಲಿ ಅದಕ್ಕೆ ಹಕ್ಕಿರಲಿಲ್ಲ. ಹಂಪಿಯಿಂದ ಬಸವಕಲ್ಯಾಣಕ್ಕೆ ಇಂದಿನ ರಸ್ತೆಯಲ್ಲೇ ಮುನ್ನೂರು ಕಿಲೋಮೀಟರಿಗೂ ಮೇಲಾಗುತ್ತದೆ. ವಿಜಯನಗರಕ್ಕೆ ಬೇಕಾಗಿದ್ದದ್ದು ಬೇರೆ: ರಾಯಚೂರು ಮತ್ತು ಮುದಗಲ್ಲು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದ. ಪೋರ್ಚುಗೀಸ್ ಕೋವಿಗಾರರು ಕೋಟೆಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದು ಆ ಮುತ್ತಿಗೆಯಲ್ಲಿ ಅವನಿಗೆ ನೆರವಾದರು. ರಾಯ ತೀರಿಕೊಂಡ ಮೇಲೆ ಕೋಟೆಗಳು ಮತ್ತೆ ಬಿಜಾಪುರದ ಪಾಲಾದವು. ತನ್ನ ಕೈತಪ್ಪಿದ ಕೋಟೆಗಳನ್ನು ಮರಳಿ ಪಡೆಯಲು ಪರರ ಕೋಟೆಗಳ ಜಗಳದಲ್ಲಿ ಕೈಹಾಕುವುದು ಎಂಬ ಲೆಕ್ಕ ಇಲ್ಲಿಂದ ಶುರುವಾಗುತ್ತದೆ.

ಲೆಕ್ಕ ಹಾಕಿದವನು ಅಳಿಯ ರಾಮರಾಯ. ಅವನು ಕೃಷ್ಣದೇವರಾಯನ ಮಗಳ ಗಂಡ. 1542ರಲ್ಲಿ ಅಚ್ಯುತರಾಯ ತೀರಿದ ನಂತರದ ಗಲಭೆಯನ್ನು ಅಡಗಿಸಿ, ಸದಾಶಿವರಾಯನನ್ನು ಸಿಂಹಾಸನದ ಮೇಲೆ ಕೂರಿಸಿ, ಆಡಳಿತವನ್ನೆಲ್ಲ ತನ್ನ ಕೈಯಲ್ಲಿಟ್ಟುಕೊಂಡ. ಸುಲ್ತಾನರ ಆಸ್ಥಾನಗಳ ಒಳಗುಟ್ಟು ಅವನಿಗೆ ಗೊತ್ತಿತ್ತು. ಹರೆಯದಲ್ಲಿ ಗೋಲ್ಕೊಂಡದ ಸೇವೆಯಲ್ಲಿದ್ದವನು ಎಂಬ ದಾಖಲೆಯಿದೆ.

ಬದಲಾಗುತ್ತಾ ಹೋದ ಪಕ್ಷ

1543ರಲ್ಲಿ ರಾಮರಾಯ ಅಹಮದನಗರದ ಬುರ್ಹಾನನ ಜೊತೆ ಸೇರಿ ಬಿಜಾಪುರದ ವಿರುದ್ಧ ನಿಂತ. ಗೋಲ್ಕೊಂಡವೂ ಕೂಡಿತ್ತು. ಬಿಜಾಪುರದ ಇಬ್ರಾಹಿಂ ಆದಿಲಶಾಹ ಒಬ್ಬೊಬ್ಬರನ್ನೇ ಸಮಾಧಾನ ಮಾಡಿ ಬದುಕಿಕೊಂಡ. 1552ರ ಸುಮಾರಿಗೆ ಬುರ್ಹಾನ್ ಮತ್ತು ರಾಮರಾಯ ಮತ್ತೆ ಕೈಜೋಡಿಸಿದರು. ಇಬ್ಬರೂ ಭೇಟಿಯಾದದ್ದು ರಾಯಚೂರಿನ ಹತ್ತಿರವೇ. ಹಂಚಿಕೆ ಸ್ಪಷ್ಟವಾಗಿತ್ತು: ಸೊಲ್ಲಾಪುರ ನಿನಗೆ, ರಾಯಚೂರು ಮುದಗಲ್ಲು ನನಗೆ. ಹಾಗೆಯೇ ಆಯಿತು. ಆ ಹುಡುಗಿ ಕೇಳಿದ ಪ್ರಶ್ನೆಗೆ ಮೊದಲ ಉತ್ತರ ಇದು. ಎಲ್ಲೋ ಭೀಮೆಯಾಚೆಯ ಸೊಲ್ಲಾಪುರದ ಬಳುವಳಿ ಜಗಳದಲ್ಲಿ ಅವಳ ಊರ ಕೋಟೆ ಕೈ ಬದಲಾಯಿತು.

ಇನ್ನು ಮೂರು ವರ್ಷ ಕಳೆಯುವುದರೊಳಗೆ ಚಿತ್ರ ತಿರುಗಿತು. ಬಿಜಾಪುರದಲ್ಲಿ ಸೈಫ್ ಐನುಲ್ ಮುಲ್ಕ್ ಎಂಬ ಸೇನಾನಿ ದಂಗೆ ಎದ್ದಾಗ ಇಬ್ರಾಹಿಂ ಹಣ ಕಳುಹಿಸಿ ಬೇಡಿಕೊಂಡದ್ದು ಯಾರನ್ನು? ರಾಯಚೂರನ್ನು ಕಸಿದುಕೊಂಡಿದ್ದ ಅದೇ ರಾಮರಾಯನನ್ನು. ರಾಮರಾಯ ತಮ್ಮ ವೆಂಕಟಾದ್ರಿಯನ್ನು ಕಳುಹಿಸಿ ದಂಗೆ ಮುರಿದ. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಕುತುಬಶಾಹನೂ ಅಣ್ಣನ ಭಯಕ್ಕೆ ಓಡಿಬಂದು 1543ರಿಂದ ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು; 1550ರಲ್ಲಿ ರಾಮರಾಯನ ಬೆಂಬಲದಿಂದ ಹೋಗಿ ಗೋಲ್ಕೊಂಡದ ಗದ್ದುಗೆ ಏರಿದ.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಈ ಇಪ್ಪತ್ತೆರಡು ವರ್ಷದ ಯಾವ ಕೂಟವನ್ನು ತೆಗೆದುಕೊಂಡರೂ ಅದು ಧರ್ಮದ ಗೆರೆಯ ಮೇಲೆ ನಿಂತದ್ದಲ್ಲ. ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರು, ಆದಿಲಶಾಹಿಗಳ ಕೈಕೆಳಗೆ ಮರಾಠರಿದ್ದರು, ಸುಲ್ತಾನರು ಸುಲ್ತಾನರ ವಿರುದ್ಧವೇ ವಿಜಯನಗರದ ದಂಡನ್ನು ಕರೆಸಿಕೊಂಡರು. ಕೊನೆಯ ಒಂದು ವರ್ಷವನ್ನು ಮಾತ್ರ ಹಿಡಿದು ಇದನ್ನು ಹಿಂದೂ ಮುಸ್ಲಿಂ ಯುದ್ಧವೆಂದು ಕಲಿಸುವವರು ಈ ಪ್ರಕರಣದಿಂದ ಕಲಿಯಬೇಕಾದ್ದನ್ನೆಲ್ಲ ಮಕ್ಕಳ ಕೈಗೆ ಸಿಗದಂತೆ ಮಾಡುತ್ತಾರೆ. ನನಗೆ ಇದರ ಬಗ್ಗೆ ನಿಜವಾಗಿ ನೋವಿದೆ, ಏಕೆಂದರೆ ಮುದಗಲ್ಲಿನಂಥ ಊರಿನಲ್ಲಿ ಮೊಹರಂ ಎಂದರೆ ಇಡೀ ಊರಿನ ಹಬ್ಬ. ಅಲ್ಲಿಂದ ಬಂದ ಮಕ್ಕಳಿಗೆ ಈ ಸುಳ್ಳನ್ನು ಕಲಿಸುವುದು ಅವರ ಮನೆಯಂಗಳದಲ್ಲೇ ಗೋಡೆ ಕಟ್ಟಿದಂತೆ.

ಸಂಗಮದ ಒಪ್ಪಂದ

ಪ್ರಕರಣದ ಹೃದಯ ಇರುವುದು ತಾಳಿಕೋಟೆಯಲ್ಲಲ್ಲ, ಭೀಮೆ ಬಂದು ಕೃಷ್ಣೆಗೆ ಸೇರುವ ಜಾಗದಲ್ಲಿ ಎಂಬುದು ನನ್ನ ಅಭಿಪ್ರಾಯ. ರಾಯಚೂರಿನಿಂದ ಉತ್ತರಕ್ಕೆ, ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಿಂದ ಬಹಳ ದೂರವಲ್ಲದ ಸಂಗಮ ಅದು. ಬೇಸಿಗೆಯಲ್ಲಿ ಹೋದರೆ ಬಂಡೆ, ಮರಳು, ನಡುವೆ ತೆಳ್ಳಗೆ ಎರಡು ನೀರು.

1557ರಲ್ಲಿ ಅಹಮದನಗರದ ಹೊಸ ಸುಲ್ತಾನ ಹುಸೇನ್ ನಿಜಾಮಶಾಹ, ಗೋಲ್ಕೊಂಡದ ಇಬ್ರಾಹಿಂನನ್ನು ಜೊತೆಗಿಟ್ಟುಕೊಂಡು ಬಿಜಾಪುರದ ಸೀಮೆಗೆ ನುಗ್ಗಿದ. ಬಿಜಾಪುರ ಎಂದಿನಂತೆ ರಾಮರಾಯನ ಕಡೆ ನೋಡಿತು. ಆ ಸಲ ರಾಮರಾಯ ಮಾಡಿದ್ದು ಅವನ ಜೀವನದಲ್ಲೇ ಅತ್ಯಂತ ವಿವೇಕದ ಕೆಲಸ. ಕತ್ತಿ ಹಿರಿಯುವ ಮೊದಲು ಹಳೆಯ ಋಣವಿದ್ದ ಇಬ್ರಾಹಿಂ ಕುತುಬಶಾಹನಿಗೆ ಹೇಳಿಕಳುಹಿಸಿ ಅವನನ್ನು ತಡೆದ. ನಾಲ್ಕೂ ರಾಜ್ಯದ ಒಡೆಯರು ಸಂಗಮದಲ್ಲಿ ಸೇರಿದರು. ಅವರು ಮಾಡಿಕೊಂಡ ಒಪ್ಪಂದದ ತಿರುಳು ಇಷ್ಟೇ: ನಮ್ಮಲ್ಲಿ ಯಾರ ಮೇಲಾದರೂ ಅನ್ಯಾಯವಾಗಿ ಯಾರಾದರೂ ಏರಿಹೋದರೆ, ಉಳಿದವರು ಪೆಟ್ಟು ತಿಂದವನ ಪರ ನಿಲ್ಲಬೇಕು.

ಸಾಮೂಹಿಕ ಭದ್ರತೆ ಎಂದು ಇಂದು ವಿಶ್ವಸಂಸ್ಥೆಯ ಭಾಷೆಯಲ್ಲಿ ಹೇಳುವುದು ಇದನ್ನೇ. ರಾಯಚೂರಿನ ಒಂದು ನದಿ ದಂಡೆಯಲ್ಲಿ ಕನ್ನಡ, ದಖ್ಖನಿ, ಪಾರ್ಸಿ, ತೆಲುಗು, ಮರಾಠಿ ಮಾತಾಡುವ ರಾಜ್ಯಗಳು ಇಂಥ ಕಟ್ಟಳೆಗೆ ಒಪ್ಪಿದ್ದವು ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಅಲ್ಲಿಯವರೆಗೆ ಪಕ್ಷ ವಹಿಸುವುದೆಂದರೆ ಯಾರು ಹೆಚ್ಚು ಕೊಡುತ್ತಾರೋ ಅವರ ಪಕ್ಷ. ಈ ಒಪ್ಪಂದದಲ್ಲಿ ಮೊದಲ ಸಲ ಅದು ಯಾರು ಗಡಿ ದಾಟಲಿಲ್ಲವೋ ಅವರ ಪಕ್ಷವಾಯಿತು.

ಒಪ್ಪಂದಕ್ಕೆ ಪರೀಕ್ಷೆ ಬೇಗನೆ ಬಂತು. ಬಿಜಾಪುರದ ಇಬ್ರಾಹಿಂ ತೀರಿಕೊಂಡು ಮಗ ಅಲಿ ಆದಿಲಶಾಹ ಪಟ್ಟಕ್ಕೆ ಬಂದ. ಅದೇ ಕಾಲದಲ್ಲಿ ರಾಮರಾಯನ ಮಗನೊಬ್ಬ ತೀರಿದ್ದ. ಅಲಿ ಕೆಲವೇ ಜನರೊಂದಿಗೆ ತಾನೇ ವಿಜಯನಗರಕ್ಕೆ ಹೋಗಿ ಸಂತಾಪ ಹೇಳಿದ. ಶತ್ರುವಿನ ರಾಜಧಾನಿಗೆ ಹಾಗೆ ಹೋಗುವುದಕ್ಕೆ ಧೈರ್ಯ ಬೇಕು. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಆದರೆ ಅವನು ಹೊರಡುವಾಗ ರಾಮರಾಯ ಊರ ಹೊರಗಿನ ತನಕ ಬಂದು ಬೀಳ್ಕೊಡಲಿಲ್ಲ, ಅದು ಅಲಿಯ ಮನಸ್ಸಿನಲ್ಲಿ ಉಳಿಯಿತು ಎಂದು ಇತಿಹಾಸಕಾರ ಫೆರಿಷ್ಟಾ ಬರೆಯುತ್ತಾನೆ. ನಮ್ಮ ಕಡೆ ಈಗಲೂ ಬೀಗರು ಹೊರಟರೆ ಬಸ್ಸು ಹತ್ತಿಸಿ ಬರದಿದ್ದರೆ ಮಾತು ಬರುತ್ತದೆ. ಚಿಕ್ಕ ಸಂಗತಿಯೆಂದು ಇದನ್ನು ಬಿಡಬಾರದು.

ಮುಂದೆ ಯುದ್ಧವಾಯಿತು. ಯಾರು ಮೊದಲು ಎಂಬಲ್ಲಿ ಬರಹಗಳು ಒಂದಾಗುವುದಿಲ್ಲ. ಫೆರಿಷ್ಟಾ ಹೇಳುವಂತೆ ಅಲಿಯೇ ಕಲ್ಯಾಣ ಮತ್ತು ಸೊಲ್ಲಾಪುರವನ್ನು ಕೊಡು ಎಂದು ಹುಸೇನನನ್ನು ಕೇಳಿದ, ಅವನು ಒಪ್ಪಲಿಲ್ಲ, ಅಲಿ ರಾಮರಾಯನನ್ನು ಕರೆದ. ಬೇರೆ ದಾಖಲೆಗಳನ್ನು ಹಿಡಿದು ಬರೆದ ಇತಿಹಾಸಕಾರರು ಹುಸೇನನೇ ಬಿಜಾಪುರದ ಮೇಲೆ ಬಿದ್ದ, ಸಂಗಮದ ಒಪ್ಪಂದದಂತೆ ಉಳಿದವರು ಒಂದಾದರು ಎನ್ನುತ್ತಾರೆ. ಗಡಿ ಜಗಳದಲ್ಲಿ ಪಕ್ಷ ಹಿಡಿಯಲು ಹೊರಟವನಿಗೆ ಎದುರಾಗುವ ಮೊದಲ ತೊಡಕು ಇದೇ. ಮೊದಲು ಬದು ಒಡೆದವರು ಯಾರು ಎಂದು ಕೇಳಿದರೆ ಇಬ್ಬರೂ ಪಕ್ಕದವನ ಕಡೆ ಬೆರಳು ಮಾಡುತ್ತಾರೆ, ಮತ್ತು ಇಬ್ಬರ ಕೈಯಲ್ಲೂ ಹಳೆಯ ಕಾಗದ ಇರುತ್ತದೆ.

ವೀಳ್ಯ ಮತ್ತು ತೊಳೆದ ಕೈ

ವಿಜಯನಗರ, ಬಿಜಾಪುರ, ಗೋಲ್ಕೊಂಡದ ದಂಡುಗಳು ಕೂಡಿ ಅಹಮದನಗರದ ತನಕ ಹೋದವು. ಆ ದಂಡಯಾತ್ರೆಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನೂ ಜನರನ್ನೂ ಬಿಡಲಿಲ್ಲ ಎಂದು ಫೆರಿಷ್ಟಾ ಬರೆದಿದ್ದಾನೆ. ಅವನು ಮುಂದೆ ಬಿಜಾಪುರದ ಆಸ್ಥಾನದಲ್ಲಿ ಕುಳಿತು ಬರೆದವನು, ಆ ಬರಹದಲ್ಲಿ ಬಣ್ಣವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ದಂಡು ಹಾದ ದಾರಿಯ ಜನ ಸುಖವಾಗಿದ್ದರು ಎಂದು ನಂಬಲು ನನ್ನಿಂದ ಆಗದು.

ಹುಸೇನ್ ಸೋತು ಸಂಧಿಗೆ ಬಂದ. ಷರತ್ತುಗಳು ಮೂರು. ಕಲ್ಯಾಣವನ್ನು ಅಲಿಗೆ ಬಿಟ್ಟುಕೊಡಬೇಕು. ಯುದ್ಧದಲ್ಲಿ ಕೂಟದ ದಂಡಿಗೆ ಬಹಳ ಕಾಟ ಕೊಟ್ಟಿದ್ದ ತನ್ನ ಕಡೆಯ ಸೇನಾನಿ ಜಹಾಂಗೀರ್ ಖಾನನನ್ನು ಕೊಲ್ಲಿಸಬೇಕು. ತಾನೇ ರಾಮರಾಯನ ಡೇರೆಗೆ ಬಂದು ಅವನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕು. ಮೊದಲನೆಯದು ಜಗಳಕ್ಕೆ ಸಂಬಂಧಪಟ್ಟದ್ದು. ಎರಡನೆಯದು ಸೇಡು. ಮೂರನೆಯದು ಬರೀ ಸೊಕ್ಕು.

ಹುಸೇನ್ ಮೂರನ್ನೂ ಮಾಡಿದ. ಡೇರೆಯಲ್ಲಿ ನಡೆದದ್ದನ್ನು ಫೆರಿಷ್ಟಾ ವಿವರವಾಗಿ ಹೇಳುತ್ತಾನೆ. ರಾಮರಾಯನ ಕೈ ಮುಟ್ಟಿದ ಮೇಲೆ ಹುಸೇನ್ ಅಲ್ಲೇ ನೀರು ತರಿಸಿ ತನ್ನ ಕೈ ತೊಳೆದುಕೊಂಡನಂತೆ. ರಾಮರಾಯ ಕೆರಳಿ, ಅತಿಥಿಯಲ್ಲದಿದ್ದರೆ ಇವನ ಕೈಯನ್ನೇ ಕಡಿಸುತ್ತಿದ್ದೆ ಎಂಬರ್ಥದ ಮಾತಾಡಿ, ತಾನೂ ನೀರು ತರಿಸಿ ಕೈ ತೊಳೆದನಂತೆ. ಎರಡು ಚೊಂಬು ನೀರು. ಸಂಗಮದ ಒಪ್ಪಂದದ ಬಲವೆಲ್ಲ ಅಲ್ಲೇ ಹರಿದುಹೋಯಿತು ಎಂದು ನನಗೆ ಅನ್ನಿಸುತ್ತದೆ.

1563ರಲ್ಲಿ ಇದೇ ನಾಟಕ ಮತ್ತೊಮ್ಮೆ. ಹುಸೇನ್ ಈ ಸಲ ತನ್ನ ಮಗಳನ್ನು ಇಬ್ರಾಹಿಂ ಕುತುಬಶಾಹನಿಗೆ ಕೊಟ್ಟು, ಇಬ್ಬರೂ ಸೇರಿ ಕಲ್ಯಾಣಕ್ಕೆ ಮುತ್ತಿಗೆ ಹಾಕಿದರು. ಅಲಿ ಮತ್ತೆ ರಾಮರಾಯನನ್ನು ಕರೆದ. ಮುತ್ತಿಗೆ ತೆರವಾಯಿತು, ದಂಡು ಮತ್ತೆ ಅಹಮದನಗರಕ್ಕೆ ಹೋಯಿತು. ಅಲ್ಲಿ ಸೀನಾ ನದಿಗೆ ಹಠಾತ್ತನೆ ಪ್ರವಾಹ ಬಂದು ದಂಡೆಯಲ್ಲಿ ಬೀಡುಬಿಟ್ಟಿದ್ದ ವಿಜಯನಗರದ ಶಿಬಿರದ ಬಹುಭಾಗವನ್ನು ಆನೆ, ಕುದುರೆ, ಜನ ಸಮೇತ ಕೊಚ್ಚಿಕೊಂಡು ಹೋಯಿತು. ತಮ್ಮದಲ್ಲದ ಕೋಟೆಗಾಗಿ, ತಮ್ಮದಲ್ಲದ ನದಿಯಲ್ಲಿ ಸತ್ತವರು ಅವರು.

ಈಗ ಬರುತ್ತದೆ ಎಲ್ಲವನ್ನೂ ಕೆಡಿಸಿದ ಹೆಜ್ಜೆ. ಮರಳುವಾಗ ರಾಮರಾಯ ಗೋಲ್ಕೊಂಡದಿಂದ ಕೋವಿಲಕೊಂಡ, ಪಾನಗಲ್ಲು, ಘನಪುರಗಳನ್ನು ಕಿತ್ತುಕೊಂಡ. ಅವನು ಎದುರು ಪಕ್ಷದವನಾಗಿದ್ದ, ಇರಲಿ. ಆದರೆ ತಾನು ಯಾರನ್ನು ಕಾಪಾಡಲು ಹೋಗಿದ್ದನೋ, ಹೆಂಡತಿ ಯಾರನ್ನು ಮಗನೆಂದಿದ್ದಳೋ, ಆ ಅಲಿಯಿಂದಲೂ ಯಾದಗಿರಿ ಮತ್ತು ಬಾಗಲಕೋಟೆಯನ್ನು ಪಡೆದುಕೊಂಡ. ಕಲ್ಯಾಣ ಉಳಿಸಿಕೊಟ್ಟದ್ದಕ್ಕೆ ಕೂಲಿ.

ನನ್ನ ತೀರ್ಮಾನ ಏಕೆ ಹೀಗೆ

ರಾಮರಾಯನ ಪರವಾಗಿ ಹೇಳಬೇಕಾದದ್ದು ಬಹಳ ಇದೆ, ಅದನ್ನು ಮುಚ್ಚಿಟ್ಟು ತೀರ್ಪು ಕೊಡಲಾರೆ. ಅವನ ಮುಂದಿದ್ದ ಆಯ್ಕೆ ಪಕ್ಷ ವಹಿಸುವುದು ಅಥವಾ ಸುಮ್ಮನಿರುವುದು ಎಂಬಷ್ಟು ಸರಳವಾಗಿರಲಿಲ್ಲ. ಬಹಮನಿ ರಾಜ್ಯ ಒಂದಾಗಿದ್ದಾಗ ಎಡೆದೊರೆಗಾಗಿ ತಲೆತಲಾಂತರದಿಂದ ರಕ್ತ ಹರಿದಿತ್ತು. ಅದು ಐದು ತುಂಡಾದದ್ದು ವಿಜಯನಗರದ ಭಾಗ್ಯ. ಆ ಐದು ಮತ್ತೆ ಒಂದಾಗದಂತೆ ನೋಡಿಕೊಳ್ಳುವುದು ಯಾವ ರಾಜನಿಗಾದರೂ ಹೊಳೆಯುವ ಉಪಾಯ. ಅದು ಇಪ್ಪತ್ತು ವರ್ಷ ಫಲ ಕೊಟ್ಟಿತು ಕೂಡ. ರಾಯಚೂರು ಮುದಗಲ್ಲು ಮರಳಿದವು. ರಾಜಧಾನಿಯ ಹತ್ತಿರ ಶತ್ರು ಸುಳಿಯಲಿಲ್ಲ. ಅಷ್ಟು ತೂಕದ ರಾಜ್ಯ ಸುಮ್ಮನೆ ಕುಳಿತರೂ ಅದು ಒಂದು ಪಕ್ಷವೇ ಆಗುತ್ತದೆ. ದೊಡ್ಡವನು ಬಾಗಿಲು ಹಾಕಿಕೊಂಡರೆ ಬೀದಿಯಲ್ಲಿ ಗೆಲ್ಲುವವನು ಬಲವಿದ್ದವನೇ. ಆದ್ದರಿಂದ ಬಲಿಷ್ಠ ರಾಜ್ಯ ಎಂದೂ ಪಕ್ಷ ವಹಿಸಬಾರದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ನನ್ನ ತಕರಾರು ಪಕ್ಷ ವಹಿಸಿದ್ದಕ್ಕಲ್ಲ, ಕೂಲಿಗೆ. ಪರರ ನೆಲದ ಜಗಳಕ್ಕೆ ಹೋದವನು ನೆಲವನ್ನೇ ಕೂಲಿಯಾಗಿ ಪಡೆದರೆ ಆ ಕ್ಷಣದಿಂದ ಅವನು ಪಂಚನಲ್ಲ, ಮೂರನೆಯ ಪಾಲುದಾರ. ನಮ್ಮ ತಾತನ ಕಾಲದಲ್ಲಿ ಊರಲ್ಲಿ ಅಣ್ಣತಮ್ಮಂದಿರ ಬದುವಿನ ಜಗಳವೊಂದು ಹಿರಿಯರೊಬ್ಬರ ಕಟ್ಟೆಗೆ ಹೋಗಿತ್ತು. ಹಗ್ಗ ಹಿಡಿದು ಅಳೆದದ್ದು ಸರಿಯಾಗಿಯೇ ಇತ್ತು, ಬಾಂದಕಲ್ಲು ನೆಟ್ಟದ್ದೂ ಸರಿಯಾದ ಜಾಗದಲ್ಲೇ. ಆದರೆ ತೀರ್ಪು ಕೊಟ್ಟವರು ಬಾವಿಯ ಕಡೆಯ ಅರ್ಧ ಎಕರೆಯನ್ನು ತಮ್ಮ ಶ್ರಮಕ್ಕೆಂದು ಬರೆಸಿಕೊಂಡರು. ಮಾರನೆಯ ವರ್ಷ ಅಣ್ಣತಮ್ಮ ಒಂದಾಗಿ ಅವರ ಮೇಲೆ ಕೋರ್ಟಿಗೆ ಹೋದರು. ನಾನು ಚಿಕ್ಕವನಿದ್ದಾಗ ಆ ಬಾವಿಯ ಗಡಗಡೆ ಸದ್ದು ಕೇಳಿದಾಗಲೆಲ್ಲ ತಾತ ಈ ಕಥೆ ಹೇಳುತ್ತಿದ್ದರು.

ಬಳ್ಳಾರಿ ಕಡೆಯವರಿಗೆ ಇದರ ಇನ್ನೊಂದು ರೂಪ ಗೊತ್ತಿರಬೇಕು. ಟಿಪ್ಪುವಿನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿಯ ಪಕ್ಷ ಹಿಡಿದ ಹೈದರಾಬಾದಿನ ನಿಜಾಮನಿಗೆ 1792 ಮತ್ತು 1799ರ ಹಂಚಿಕೆಗಳಲ್ಲಿ ಬಳ್ಳಾರಿ ಸೀಮೆಯೂ ಸೇರಿದಂತೆ ನೆಲ ಸಿಕ್ಕಿತು. 1800ರಲ್ಲಿ, ನಿಮ್ಮ ರಕ್ಷಣೆಗೆ ಇಟ್ಟ ಸೈನ್ಯದ ಖರ್ಚಿಗೆ ಎಂದು ಕಂಪನಿ ಆ ನೆಲವನ್ನೆಲ್ಲ ಬರೆಸಿಕೊಂಡಿತು. ದತ್ತಮಂಡಲ ಎಂಬ ಹೆಸರು ಬಂದದ್ದು ಹಾಗೆ. ಥಾಮಸ್ ಮನ್ರೋ ಬಂದು ಕಂದಾಯ ಗೊತ್ತುಮಾಡಿದ. ಕಂಪನಿಗೆ ಈ ವಿದ್ಯೆ ದಕ್ಕಿತು, ಏಕೆಂದರೆ ಅದನ್ನು ಎದುರಿಸಿ ಒಂದಾಗಬಲ್ಲವರು ಅಷ್ಟರಲ್ಲಿ ಯಾರೂ ಉಳಿದಿರಲಿಲ್ಲ. ರಾಮರಾಯನ ಸುತ್ತ ಇನ್ನೂ ನಾಲ್ವರು ಇದ್ದರು.

ನಮ್ಮ ಕಾಲದ್ದನ್ನೇ ನೋಡಿ. 1971ರಲ್ಲಿ ಭಾರತ ಪಕ್ಷ ವಹಿಸಿತು, ಬಹಿರಂಗವಾಗಿ, ಸೈನ್ಯ ಸಮೇತ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. 1972ರ ಮಾರ್ಚ್ ಹೊತ್ತಿಗೆ ನಮ್ಮ ಸೈನ್ಯ ಬಾಂಗ್ಲಾದೇಶದಿಂದ ಹೊರಟುಬಂದಿತ್ತು. ಗೆದ್ದ ನೆಲದಲ್ಲಿ ಒಂದು ಜಿಲ್ಲೆಯನ್ನೂ ಕೂಲಿಯೆಂದು ಇಟ್ಟುಕೊಳ್ಳಲಿಲ್ಲ. 1987ರಲ್ಲಿ ಶ್ರೀಲಂಕಾಕ್ಕೆ ಹೋದಾಗ ನೆಲದಾಸೆ ಇರಲಿಲ್ಲ, ಆದರೆ ಯಾರ ಪಕ್ಷ, ಯಾವ ತನಕ ಎಂಬುದು ಹೋದವರಿಗೂ ಕರೆದವರಿಗೂ ಸ್ಪಷ್ಟವಿರಲಿಲ್ಲ. 1990ರ ಮಾರ್ಚಿನಲ್ಲಿ ಎರಡೂ ಕಡೆಯವರಿಗೆ ಬೇಡವಾಗಿ ಮರಳುವ ಹೊತ್ತಿಗೆ ಸುಮಾರು 1200 ಯೋಧರನ್ನು ಕಳೆದುಕೊಂಡಿದ್ದೆವು. ಕೂಲಿ ಬೇಡ ಎಂದರಷ್ಟೇ ಸಾಲದು, ಯಾವ ಕಟ್ಟಳೆಗಾಗಿ ನಿಂತಿದ್ದೇವೆ ಎಂಬುದೂ ಮೊದಲೇ ತಿಳಿದಿರಬೇಕು. ಸಂಗಮದ ಒಪ್ಪಂದದಲ್ಲಿ ಆ ಕಟ್ಟಳೆ ಇತ್ತು. ಅದಕ್ಕೇ ಅದು ಮುರಿದದ್ದು ನನ್ನನ್ನು ಇಷ್ಟು ಕಾಡುತ್ತದೆ.

ಕೊನೆಯ ಎರಡು ವರ್ಷ

ಮುಂದಿನದು ವೇಗವಾಗಿ ನಡೆಯಿತು. 1564ರಲ್ಲಿ ಎರಡು ಮದುವೆ. ಹುಸೇನನ ಮಗಳು ಚಾಂದಬೀಬಿ ಅಲಿ ಆದಿಲಶಾಹನನ್ನು ಮದುವೆಯಾದಳು, ಅಲಿಯ ತಂಗಿ ಹುಸೇನನ ಮಗ ಮುರ್ತಜಾನನ್ನು. ಚಾಂದಬೀಬಿಯ ಬಳುವಳಿ ಯಾವುದು ಗೊತ್ತೇ? ಸೊಲ್ಲಾಪುರ. ಒಂದು ಮದುವೆಯ ಬಳುವಳಿಯಾಗಿ ಶುರುವಾದ ನಲವತ್ತು ವರ್ಷದ ಜಗಳ ಇನ್ನೊಂದು ಮದುವೆಯ ಬಳುವಳಿಯಾಗಿ ಮುಗಿಯಿತು. ರಾಮರಾಯ ಎರಡು ದಶಕ ದಂಡು ನಡೆಸಿ ತೀರಿಸಲಾಗದ ವ್ಯಾಜ್ಯವನ್ನು, ಅವನನ್ನು ಹೊರಗಿಟ್ಟ ಕೂಡಲೇ, ಬೀಗರು ಬೀಗರೇ ಕುಳಿತು ಬಗೆಹರಿಸಿಕೊಂಡರು.

ಆಮೇಲೆ ಅಲಿ ರಾಯಭಾರಿಯನ್ನು ಕಳುಹಿಸಿ ಯಾದಗಿರಿ, ಬಾಗಲಕೋಟೆ, ರಾಯಚೂರು, ಮುದಗಲ್ಲುಗಳನ್ನು ಮರಳಿ ಕೇಳಿದ. ರಾಮರಾಯ ರಾಯಭಾರಿಯನ್ನು ಅಟ್ಟಿಬಿಟ್ಟ. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಿನ ದಂಡುಗಳು ತಾಳಿಕೋಟೆಯಲ್ಲಿ ಸೇರಿದವು. ಕೃಷ್ಣೆಯನ್ನು ದಾಟುವ ಕಡವನ್ನು ದಕ್ಷಿಣ ದಂಡೆಯಿಂದ ವಿಜಯನಗರದವರು ಕಾಯುತ್ತಿದ್ದರು. ಸುಲ್ತಾನರು ಬೇರೆ ಕಡೆ ದಾಟುವವರಂತೆ ದಂಡೆಗುಂಟ ಮೂರು ದಿನ ನಡೆದರು, ಈಚೆಯವರೂ ಹಿಂಬಾಲಿಸಿದರು, ಅವರು ರಾತ್ರೋರಾತ್ರಿ ಹಿಂತಿರುಗಿ ಕಾವಲಿಲ್ಲದ ಹಳೆಯ ಕಡವಿನಲ್ಲೇ ದಾಟಿಬಿಟ್ಟರು. ರಕ್ಕಸಗಿ ತಂಗಡಗಿ ಹಳ್ಳಿಗಳ ಹೆಸರು ಹೊತ್ತ ರಕ್ಕಸತಂಗಡಿ ಯುದ್ಧದಲ್ಲಿ ನಡೆದದ್ದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ವಯೋವೃದ್ಧ ರಾಮರಾಯ ಸೆರೆಸಿಕ್ಕಿದ್ದು ನಿಜಾಮಶಾಹಿಯವರ ಕೈಗೆ, ತಲೆ ತೆಗೆಸಿದ್ದು ಹುಸೇನ್. ಕೈ ತೊಳೆದುಕೊಂಡಿದ್ದ ಹುಸೇನ್.

ರಾಮರಾಯನ ತಮ್ಮ ತಿರುಮಲ, ಸದಾಶಿವರಾಯನನ್ನು ಕರೆದುಕೊಂಡು ಪೆನುಗೊಂಡೆಗೆ ಹೋದ. ರಾಜಧಾನಿ ಸುಲಿಗೆಯಾಯಿತು. ಕೊಪ್ಪಳ ಜಿಲ್ಲೆಯ ಆನೆಗೊಂದಿಯ ದಂಡೆಯಲ್ಲಿ ನಿಂತು ಹೊಳೆಯಾಚೆ ನೋಡಿದರೆ ನದಿಯಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳು ಈಗಲೂ ಸಾಲುಗಟ್ಟಿ ನಿಂತಿವೆ, ಮೇಲೆ ಹಾಸಿಲ್ಲ. ಎಡೆದೊರೆಯ ಕೋಟೆಗಳು ಬಿಜಾಪುರಕ್ಕೆ ಸೇರಿದವು. ಗೆದ್ದವರ ಸ್ನೇಹವೂ ಬಾಳಲಿಲ್ಲ. ಎರಡೇ ವರ್ಷದಲ್ಲಿ ಅಲಿ ಪೆನುಗೊಂಡೆಯ ಕಡೆ ಹೊರಟಾಗ ತಿರುಮಲ ಅಹಮದನಗರದ ಸಹಾಯ ಬೇಡಿದ, ಅಹಮದನಗರದ ದಂಡು ಬಿಜಾಪುರದ ಸೀಮೆಗೆ ನುಗ್ಗಿ ಅಲಿಯನ್ನು ಹಿಂದಕ್ಕೆ ಎಳೆಯಿತು.

ಇದನ್ನೆಲ್ಲ ರಾಯಚೂರು ಕೋಟೆಯ ಗೋಡೆಯ ಬಳಿ ನಿಂತು ಆ ಹುಡುಗಿಗೂ ಅವಳ ಗೆಳತಿಯರಿಗೂ ಹೇಳಿದೆ. ನಲವತ್ತು ಅಡಿ ಮೀರಿದ ಉದ್ದದ ಒಂದೇ ಕಲ್ಲು ಅಲ್ಲಿದೆ, ಮೇಲೆ ಕಾಕತೀಯರ ಕಾಲದ 1294ರ ಶಾಸನ. ಪಕ್ಕದಲ್ಲೇ ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಲು ಸಾಲು ಜಾನುವಾರು ಕಟ್ಟಿ ಎಳೆದು ತಂದ ಚಿತ್ರವನ್ನು ಕೊರೆದಿದ್ದಾರೆ. ಗೆರೆಗಳು ಸವೆದಿವೆ, ಆದರೂ ನೊಗ ಕಾಣುತ್ತದೆ. ಕಾಕತೀಯರು, ಬಹಮನಿಗಳು, ರಾಯರು, ಆದಿಲಶಾಹಿಗಳು ಬಂದರು ಹೋದರು. ಕಲ್ಲು ಎಳೆದವರ ಹೆಸರು ಯಾವ ಒಪ್ಪಂದದಲ್ಲೂ ಇಲ್ಲ.

ಅವಳು ಚಿತ್ರದ ಮೇಲೆ ಬೆರಳಾಡಿಸುತ್ತ ಕೇಳಿದಳು: "ಅಲ್ರೀ ಸರ್, ಸಂಗಮದಾಗ ಒಪ್ಪಂದ ಮಾಡ್ಕೊಂಡ್ರಲ್ಲ, ರಾಮರಾಯನ ತಪ್ಪು ಮಾಡಿದ್ರ ತಡಿಯೋರು ಯಾರು ಅಂತ ಅದರಾಗ ಬರ್‍ದಿತ್ತೇನ್ರಿ?"

ಕಟ್ಟಳೆ ಎಲ್ಲರಿಗೂ ಒಂದೇ ಇತ್ತು, ಆದರೆ ಅದನ್ನು ನಡೆಸುವ ತೋಳ್ಬಲ ರಾಮರಾಯನೊಬ್ಬನಿಗೇ ಇತ್ತು ಎಂದೆ. ಯಾದಗಿರಿ ಬಾಗಲಕೋಟೆ ಹೋದಾಗ ಅಲಿ ದೂರು ಕೊಡಬೇಕಾಗಿದ್ದದ್ದೂ ರಾಮರಾಯನಿಗೇ. 1557ರಲ್ಲಿ ಸಂಗಮಕ್ಕೆ ಬಂದಿದ್ದ ಹುಸೇನ್, ಇಬ್ರಾಹಿಂ ಕುತುಬಶಾಹ, ತೀರಿಹೋದ ಅಪ್ಪನ ಬದಲು ಅಲಿ, ಈ ಮೂವರೂ ಎಂಟು ವರ್ಷದ ಮೇಲೆ ಅದೇ ಕೃಷ್ಣೆಯ ಮೇಲ್ಗಡೆ, ತಾಳಿಕೋಟೆಯ ಹತ್ತಿರ ಮತ್ತೆ ಕೂಡಿದರು. ನಾಲ್ಕನೆಯವನು ಈಚೆ ದಂಡೆಯಲ್ಲಿದ್ದ.